ಕ್ಯಾಬಿನೆಟ್ ಇಲ್ಲದೆ ವಾಲ್ವ್ ಆಂಪಿನ ಪ್ರೀಆಂಪ್ ಮಾತ್ರ ಬಳಸಬಹುದಾ?

ಕುಂಬಳೆ_ಆರುತಂತಿ
50 ವ್ಯಾಟಿನ ಗಿಟಾರ್ ವಾಲ್ವ್ ಹೆಡ್ (ಸ್ಪೀಕರ್ ಇಲ್ಲದ ಆಂಪ್, ಸ್ಪೀಕರ್ ಬೇರೆ ಕ್ಯಾಬಿನೆಟಿನಲ್ಲಿ). ಪವರ್ ಸೆಕ್ಷನಿನಲ್ಲಿ ಎರಡು ಇಎಲ್34 ವಾಲ್ವ್, ಮುಂದೆ ಮೂರು ಸಣ್ಣ 12ಎಎಕ್ಸ್7 ವಾಲ್ವ್, ಹಿಂದೆ ಸೀರೀಸ್ ಎಫೆಕ್ಟ್ಸ್ ಲೂಪ್ (ಪ್ರೀಆಂಪಿನ ಸಿಗ್ನಲ್ ಪೂರ್ತಿ ಸೆಂಡ್ ಜಾಕಿನಿಂದ ಹೊರಗೆ ಹೋಗಿ ರಿಟರ್ನ್ ಜಾಕಿನಿಂದ ಪವರ್ ಸೆಕ್ಷನಿಗೆ ಮರಳುವ ದಾರಿ) ಉಂಟು. ರಾತ್ರಿ ಮನೆಯಲ್ಲಿ ರೆಕಾರ್ಡ್ ಮಾಡಲು ಪ್ರೀಆಂಪಿನ ಸದ್ದು ಸಾಕು. ಕ್ಯಾಬಿನೆಟ್ ಬಿಚ್ಚಿಟ್ಟು, ಮಾಸ್ಟರ್ ವಾಲ್ಯೂಮ್ ಸೊನ್ನೆ ಮಾಡಿ, ಸೆಂಡ್‌ನಿಂದ ಕಂಪ್ಯೂಟರಿನ ಆಡಿಯೊ ಇಂಟರ್‌ಫೇಸಿಗೆ ಕೇಬಲ್ ಕೊಟ್ಟರೆ ಆಗ್ತದಾ? ಸ್ಟ್ಯಾಂಡ್‌ಬೈಯಲ್ಲಿ ಸದ್ದೇ ಬರುವುದಿಲ್ಲ. ಪವರ್ ವಾಲ್ವ್ ಎರಡನ್ನೂ ಕಿತ್ತರೆ?

ಚಂದ್ರಗಿರಿ_ಸೋಲ್ಡರ್
ಸೆಂಡ್‌ನಿಂದ ತೆಗೆಯುವುದು ಸರಿ, ಕ್ಯಾಬಿನೆಟ್ ಬಿಚ್ಚುವುದು ಬೇಡ ಮಾರಾಯ್ರೆ. ಸೆಂಡ್‌ಗೆ ಕೇಬಲ್ ಹಾಕಿದ ಮಾತ್ರಕ್ಕೆ ಪವರ್ ಸೆಕ್ಷನ್ ಆಫ್ ಆಗುವುದಿಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಲೋಡ್ (ಸ್ಪೀಕರ್) ಇಲ್ಲದೆ ಸಿಗ್ನಲ್ ಹೋಯಿತೋ, ಪ್ರೈಮರಿಯಲ್ಲಿ (ವಾಲ್ವ್ ಕಡೆಯ ಸುರುಳಿ) ಕೂಡಿದ ಶಕ್ತಿಗೆ ಹೊರದಾರಿ ಇಲ್ಲ. ವಾಲ್ವ್ ಕರೆಂಟ್ ನಿಲ್ಲಿಸಿದ ಕ್ಷಣ ವೋಲ್ಟೇಜ್ ಸಾವಿರಗಟ್ಟಲೆ ಏರಬಹುದು. ಇಎಲ್34 ಸಾಕೆಟಿನಲ್ಲಿ ಪ್ಲೇಟಿನ (ವಾಲ್ವಿನ ಹೆಚ್ಚು ವೋಲ್ಟೇಜಿನ ತುದಿ) 3ನೇ ಪಿನ್, ಹೀಟರಿನ 2ನೇ ಪಿನ್ ಅಕ್ಕಪಕ್ಕ. ಕಿಡಿ ಹಾರುವುದು ಹೆಚ್ಚಾಗಿ ಅಲ್ಲಿ. ಆ ಎರಡರ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೆ ಅದು ಇಂಗಾಲ. ಮುಂದೆ ಕರೆಂಟ್ ಅದರ ಮೇಲೆಯೇ ಹರೀತದೆ, ಉಜ್ಜಿ ಪ್ರಯೋಜನ ಇಲ್ಲ, ಸಾಕೆಟ್ಟೇ ಬದಲಿಸಬೇಕು. ಆಟಿ ತಿಂಗಳ ನಮ್ಮ ಕರಾವಳಿಯ ತೇವಕ್ಕೆ ಧೂಳು ಹಿಡಿದ ಸಾಕೆಟ್ ಇನ್ನೂ ಬೇಗ ಹೋಗ್ತದೆ.

ಮಾಸ್ಟರ್ ಸೊನ್ನೆಯನ್ನು ನೆಚ್ಚಿಕೊಳ್ಳಬೇಡಿ. ಕೆಲವು ಆಂಪಿನಲ್ಲಿ ಅದು ಲೂಪಿಗಿಂತ ಮುಂಚೆ ಇರ್ತದೆ, ಆಗ ಸೆಂಡ್‌ನಲ್ಲೂ ಸದ್ದಿಲ್ಲ. ಲೂಪಿನ ನಂತರ ಇದ್ದರೆ, ಒಮ್ಮೆ ಕೈ ತಾಗಿ ತಿರುಗಿದರೆ ಸಾಕು.

ಸುಲಭದ ದಾರಿ: 6.35 ಮಿ.ಮೀ. ಮೊನೊ ಪ್ಲಗ್ಗಿನ ಟಿಪ್ಪನ್ನೂ ಸ್ಲೀವನ್ನೂ ಸೇರಿಸಿ ಬೆಸುಗೆ ಹಾಕಿ, ರಿಟರ್ನ್ ಜಾಕಿಗೆ ಚುಚ್ಚಿ. ಸೀರೀಸ್ ಲೂಪ್ ಆದ್ದರಿಂದ ಸಿಗ್ನಲ್ ಅಲ್ಲೇ ಕಡೀತದೆ. ಕ್ಯಾಬಿನೆಟ್ ಜೋಡಿಸಿಯೇ ಇದ್ದರೂ ಮನೆಯವರ ನಿದ್ದೆ ಕೆಡುವುದಿಲ್ಲ. ಪ್ಯಾರಲಲ್ ಲೂಪಿನಲ್ಲಾದರೆ ಡ್ರೈ ಸಿಗ್ನಲ್ ಬೇರೆ ದಾರಿಯಲ್ಲಿ ಹೋಗ್ತಲೇ ಇರ್ತದೆ; ಮಿಕ್ಸ್ ನಾಬ್ 100ಕ್ಕೆ ತಿರುಗಿಸಬೇಕು.

ಕುಂಬಳೆ_ಆರುತಂತಿ
ಕ್ಯಾಬಿನೆಟ್ ಇಡಲು ಕೋಣೆಯಲ್ಲಿ ಜಾಗವೇ ಇಲ್ಲ ಅಣ್ಣ. ಬದಲಿಗೆ ರೆಸಿಸ್ಟರ್ ಆಗ್ತದಾ?

ಚಂದ್ರಗಿರಿ_ಸೋಲ್ಡರ್
ಆಗ್ತದೆ. 8 ಓಮ್, 100 ವ್ಯಾಟ್, ಅಲ್ಯೂಮಿನಿಯಂ ಕವಚದ ವೈರ್‌ವೂಂಡ್. ಥರ್ಮಲ್ ಪೇಸ್ಟ್ ಹಚ್ಚಿ ದೊಡ್ಡ ಹೀಟ್‌ಸಿಂಕಿಗೆ ಬಿಗಿಯಿರಿ, 8 ಓಮ್ ಜಾಕಿಗೇ ಕೊಡಿ. ಗಿಟಾರ್ ಕೇಬಲ್ ಬೇಡ, ದಪ್ಪ ಸ್ಪೀಕರ್ ವೈರ್ ಬಳಸಿ. ರಿಟರ್ನಿನಲ್ಲಿ ಪ್ಲಗ್ ಇರುವಷ್ಟು ಹೊತ್ತು ರೆಸಿಸ್ಟರ್ ಬಿಸಿಯೇ ಆಗುವುದಿಲ್ಲ. ಪ್ಲಗ್ ಜಾರಿ ಬಿದ್ದರೆ ಪೂರ್ತಿ ಸಿಗ್ನಲ್ ಅದರ ಮೇಲೆ ಬೀಳ್ತದೆ. ಜೋರಾಗಿ ಡ್ರೈವ್ ಮಾಡಿದ 50 ವ್ಯಾಟಿನ ಆಂಪ್ 50 ದಾಟಿಯೇ ಕೊಡ್ತದೆ. ಅದಕ್ಕೇ 100 ವ್ಯಾಟ್.

ಬದಿಯಡ್ಕ_ಟ್ಯೂಬ್
ವಾಲ್ವ್ ಕೀಳುವ ಬಗ್ಗೆ: ಎರಡನ್ನೂ ಕಿತ್ತರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅಪಾಯ ಇಲ್ಲ. ಆದರೆ ಲೋಡ್ ಇಳಿದ ಪವರ್ ಸಪ್ಲೈಯಲ್ಲಿ ವೋಲ್ಟೇಜ್ ಏರ್ತದೆ. ಲೆಕ್ಕ ಹಾಕಿ ನೋಡಿ: ಪವರ್ ಟ್ರಾನ್ಸ್‌ಫಾರ್ಮರಿನದ್ದು 330-0-330 ವೈಂಡಿಂಗ್ ಆದರೆ, ಎಸಿಯ ತುತ್ತತುದಿ 330 × 1.414, ಸುಮಾರು 467 ವೋಲ್ಟ್. ರಾತ್ರಿ ಲೈನ್ 230ರಿಂದ 245ಕ್ಕೆ ಏರಿದರೆ 497. ಫಿಲ್ಟರ್ ಕೆಪ್ಯಾಸಿಟರಿನ ಮೇಲೆ 450 ಅಂತ ಬರೆದಿದ್ದರೆ ಅದು ಉಬ್ಬಿ ಹಾಳಾಗಬಹುದು. ಪ್ರೀಆಂಪಿಗೂ ವೋಲ್ಟೇಜ್ ಹೆಚ್ಚಾಗಿ ಸದ್ದಿನ ಗುಣ ಬದಲಾಗ್ತದೆ. ನನ್ನ ಮಾತು ಕೇಳಿದರೆ, ಕೀಳಬೇಡಿ.

ಉಪ್ಪಳ_ಹಮ್
ಇಂಟರ್‌ಫೇಸಿನ ಲೈನ್ ಇನ್ ಬಳಸಿ, ಮೈಕ್ ಇನ್ ಅಲ್ಲ. ಗೇನ್ ಪೂರ್ತಿ ಇಳಿಸಿದರೂ ಕ್ಲಿಪ್ ಆದರೆ (ಸಿಗ್ನಲ್ ಮಿತಿ ಮೀರಿ ಒಡೆದರೆ), ಸಿಗ್ನಲ್ ದಾರಿಯಲ್ಲಿ 10 ಕಿಲೋ ಓಮ್, ಅದರ ಆಚೆ ತುದಿಯಿಂದ ಗ್ರೌಂಡಿಗೆ 1 ಕಿಲೋ ಓಮ್ ಹಾಕಿ. ಸುಮಾರು 21 ಡೆಸಿಬೆಲ್ ಇಳೀತದೆ. ಸೆಂಡ್ ಕ್ಯಾಥೋಡ್ ಫಾಲೋವರಿನಿಂದ (ಲೋಡ್ ತಾಳುವ ವಾಲ್ವ್ ಹಂತ) ಬರುವುದಾದರೆ ಮಾತ್ರ ಇದು ಸರಿ. ನೇರ ಪ್ಲೇಟಿನಿಂದ ಬಂದರೆ ಈ ಲೋಡಿಗೆ ಸದ್ದು ಸೊರಗ್ತದೆ.

ಹಸಿ ಸಿಗ್ನಲ್ ಕೇಳಿ ಗಾಬರಿ ಆಗಬೇಡಿ. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್‌ನ ಮೇಲಿನದನ್ನು ಹೆಚ್ಚುಕಡಿಮೆ ನುಂಗಿಬಿಡ್ತದೆ. ಅದಿಲ್ಲದಾಗ ಡಿಸ್ಟಾರ್ಶನ್ ಬಿಸಿ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುರ್ ಅಂತದೆ. ಸಾಫ್ಟ್‌ವೇರಿನಲ್ಲಿ ಕ್ಯಾಬಿನೆಟ್ ಐಆರ್ (ಇಂಪಲ್ಸ್ ರೆಸ್ಪಾನ್ಸ್, ಸ್ಪೀಕರ್ ಸದ್ದಿನ ಅಚ್ಚು) ಹಾಕಿದ ಮೇಲೆ ಟೋನ್ ನಾಬ್ ಮುಟ್ಟಿ.

ಗುಂಯ್ ಅಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತಿತೋ, ಗ್ರೌಂಡ್ ಲೂಪ್. ನಡುವೆ 1:1 ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಆಂಪಿನ 3 ಪಿನ್ ಪ್ಲಗ್ಗಿನ ಅರ್ಥ್ ಮಾತ್ರ ಯಾವತ್ತೂ ಬಿಚ್ಚಬೇಡಿ. ಒಳಗೆ ಫೇಸ್ ವೈರ್ ಚಾಸಿಸ್‌ಗೆ ತಾಗಿದರೆ ಗಿಟಾರಿನ ತಂತಿಯಲ್ಲೇ 230 ವೋಲ್ಟ್ ಇರ್ತದೆ.