ನಜರೇತಿನವರಿಗೆ ಯೇಸುವಿನ ಮೇಲೆ ಅಷ್ಟು ಸಿಟ್ಟು ಯಾಕೆ ಬಂತು?

ಸಂಜೆಮಲ್ಲಿಗೆ:
ಭಾನುವಾರ ಚರ್ಚಿನಲ್ಲಿ ಬೈಬಲಿನ ಲೂಕನ ಸುವಾರ್ತೆ 4ನೇ ಅಧ್ಯಾಯ ಓದಿದರು. ಯೇಸು ತಾನು ಬೆಳೆದ ನಜರೇತಿನ ಸಭಾಮಂದಿರದಲ್ಲಿ ಹಳೇ ಪ್ರವಾದಿ ಯೆಶಾಯನ ಗ್ರಂಥದ ಸುರುಳಿ ಓದಿ, ಸುತ್ತಿ, ಸೇವಕನ ಕೈಗೆ ಕೊಟ್ಟು ಕೂತುಕೊಳ್ಳುತ್ತಾನೆ. 22ನೇ ವಚನದಲ್ಲಿ ಎಲ್ಲರೂ ಮೆಚ್ಚುತ್ತಾರೆ. 29ಕ್ಕೆ ಬಂದರೆ ಅದೇ ಜನ ಆತನನ್ನು ಗುಡ್ಡದ ಅಂಚಿಗೆ ಕರೆದುಕೊಂಡು ಹೋಗಿದ್ದಾರೆ, ತಳ್ಳೋಕೆ! ನಡುವೆ ಏನಾಯ್ತು?

ಹಳೇಪೇಟೆ:
ಹಿತ್ತಲ ಗಿಡ ಮದ್ದಲ್ಲ, ಅಷ್ಟೇ. ಇದೇ ಊರಿನ ಕಥೆಗೆ ಮಾರ್ಕನ ಸುವಾರ್ತೆ 6 ನೋಡಿ. ‘ಇವನು ಬಡಗಿ ಅಲ್ವಾ, ಮರಿಯಳ ಮಗ ಅಲ್ವಾ’ ಅಂತ ಶುರು ಮಾಡಿ ಯಾಕೋಬ, ಯೋಸೆ, ಯೂದ, ಸೀಮೋನ ಅಂತ ತಮ್ಮಂದಿರ ಹೆಸರನ್ನೆಲ್ಲ ಎಣಿಸುತ್ತಾರೆ. ನಮ್ಮ ಸಭೆಯಲ್ಲೂ ಹಿಂದೆ ಸೈಕಲ್ ಪಂಕ್ಚರ್ ಹಾಕುತ್ತಿದ್ದ ಹುಡುಗ ಓದಿ ಬಂದು ಮೊದಲ ಸಲ ಪ್ರಸಂಗಕ್ಕೆ ನಿಂತಾಗ, ಪಕ್ಕದಲ್ಲಿದ್ದ ಅಜ್ಜಿ ‘ನನ್ನ ಮೊಮ್ಮಗನ ಸೈಕಲ್ ಟ್ಯೂಬು ಇನ್ನೂ ಅವನ ಹತ್ರಾನೇ ಇದೆ’ ಅಂದರು. ಪ್ರಸಂಗ ಯಾರ ಕಿವಿಗೂ ಹೋಗಲಿಲ್ಲ.

ಕಾಫಿಪುಡಿ:
ಮಾರ್ಕನಿಗೆ ಗಾದೆ ಸರಿ, ಲೂಕನಿಗೆ ಸಾಲದು ಅಂತ ನನಗನ್ನಿಸುತ್ತೆ. ಅಲ್ಲಿ ಮೊದಲು ಖುಷಿಪಟ್ಟಿದ್ದಾರೆ, ನಮ್ಮೂರ ಹುಡುಗ ಅಂತ. ಕಪೆರ್ನೌಮ್ ಅನ್ನೋ ಊರಲ್ಲಿ ಮಾಡಿದ ಅದ್ಭುತಗಳನ್ನು ಇಲ್ಲೂ ಮಾಡು ಅಂತ ನೀವು ಕೇಳುತ್ತೀರಿ ಅಂತ ಆತನೇ ಬಾಯಿಬಿಟ್ಟು ಹೇಳುತ್ತಾನೆ. ಆಮೇಲೆ ಎರಡು ಹಳೇ ಕಥೆ ತೆಗೆಯುತ್ತಾನೆ. ಮೂರೂವರೆ ವರ್ಷ ಮಳೆ ಇಲ್ಲದಾಗ ಇಸ್ರಾಯೇಲಿನಲ್ಲಿ ಬೇಕಾದಷ್ಟು ವಿಧವೆಯರಿದ್ದರೂ ಪ್ರವಾದಿ ಎಲೀಯ ಹೋಗಿದ್ದು ಹೊರನಾಡಾದ ಸೀದೋನ್ ಸೀಮೆಯ ಒಬ್ಬಳ ಮನೆಗೆ. ಕುಷ್ಠರೋಗಿಗಳು ಎಷ್ಟೋ ಜನ ಇದ್ದರೂ ಅವನ ನಂತರದ ಪ್ರವಾದಿ ಎಲೀಷನ ಕಾಲದಲ್ಲಿ ವಾಸಿಯಾಗಿದ್ದು ಸಿರಿಯದ ನಾಮಾನ ಒಬ್ಬನಿಗೆ, ಅವನೋ ಶತ್ರು ಸೈನ್ಯದ ಸೇನಾಪತಿ. ಇದನ್ನು ಕೇಳಿದ ಮೇಲೇ ಅವರು ಎದ್ದಿದ್ದು. ಬಡಗಿ ಅನ್ನೋದು ಅವರಿಗೆ ಅಡ್ಡಿಯಾಗಿರಲಿಲ್ಲ. ‘ನಮ್ಮವನು’ ಹೊರಗಿನವರ ಪಾಲಿಗೂ ಬರ್ತಾನೆ ಅಂದಿದ್ದು ಚುಚ್ಚಿತು.

ಸಂಜೆಮಲ್ಲಿಗೆ:
ಓ, ನಾಮಾನ ಯಾರು ಅಂತ ಗೊತ್ತಿಲ್ಲದೆ ಸುಮ್ನೆ ಓದಿಕೊಂಡು ಹೋಗ್ತಿದ್ದೆ! ಯೇಸುವಿನ ಮನೆಯವರು ಏನಂದರು?

ಹಳೇಪೇಟೆ:
ಅವರೂ ಕಡಿಮೆ ಇಲ್ಲ. ಮಾರ್ಕ 3ರಲ್ಲಿ ‘ಇವನಿಗೆ ತಲೆ ಕೆಟ್ಟಿದೆ’ ಅಂತ ಹಿಡಿದು ತರೋಕೆ ಹೊರಡುತ್ತಾರೆ. ತಮ್ಮಂದಿರೂ ನಂಬಿರಲಿಲ್ಲ ಅಂತ ಯೋಹಾನ 7ರಲ್ಲಿ ನೇರವಾಗಿಯೇ ಇದೆ. (ಕಥೋಲಿಕರು ಅವರನ್ನು ಸ್ವಂತ ತಮ್ಮಂದಿರು ಅನ್ನುವುದಿಲ್ಲ, ಅದು ಬೇರೆ ಚರ್ಚೆ.)

ಸಂಜೆಮಲ್ಲಿಗೆ:
ಹಾಗಾದರೆ ಮೊದಲ ಕ್ರೈಸ್ತರ ಕಥೆ ಹೇಳುವ ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನಲ್ಲಿ ತೀರ್ಮಾನ ಹೇಳುವ ಯಾಕೋಬ ಇದೇ ತಮ್ಮನಾ?

ಕಾಫಿಪುಡಿ:
ಹೆಚ್ಚಿನವರು ಹಾಗೇ ಓದುತ್ತಾರೆ. ಆ ತೀರ್ಮಾನ ಏನು ಗೊತ್ತಾ? ಯೆಹೂದ್ಯರಲ್ಲದವರು ಬಂದರೆ ಅವರಿಗೆ ತೊಂದರೆ ಕೊಡಬೇಡಿ ಅಂತ.