ಬೆಟ್ಟದಲ್ಲಿ ಮುಸಿಯ (ಕಪ್ಪು ಮುಖದ ಮಂಗ) ಸತ್ತಿದೆ, ಹಸುಗಳ ಮೈತುಂಬ ಉಣುಗು (ಉಣ್ಣೆ). ಈಗ ಏನು ಮಾಡಬೇಕು?

ಬೆಟ್ಟದಂಚು_ಸಾಗರ

ನಮಸ್ಕಾರ. ನಾನು ಬೆಂಗಳೂರಿನಲ್ಲಿದ್ದೇನೆ, ಅಪ್ಪ ಅಮ್ಮ ಸಾಗರ ತಾಲ್ಲೂಕಿನ ಊರಲ್ಲಿ. ಸ್ವಲ್ಪ ಅಡಿಕೆ ತೋಟ, ಎರಡು ಜರ್ಸಿ ಹಸು, ಒಂದು ನಾಯಿ. ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಒಂದು ಮುಸಿಯ ಸತ್ತು ಬಿದ್ದಿದೆ ಅಂತ ಅಮ್ಮ ಫೋನ್ ಮಾಡಿದರು. ಅಪ್ಪ ಮಾತ್ರ "ಮಂಗ ಸಾಯೋದು ಹೊಸದೇನಲ್ಲ" ಅಂತ ದರಕು (ಒಣ ತರಗೆಲೆ) ತರಲು ಅದೇ ದಾರಿಯಲ್ಲಿ ಓಡಾಡುತ್ತಿದ್ದಾರೆ. ಹೇಳಿದರೆ ಕೇಳುವುದಿಲ್ಲ. ಇನ್ನೊಂದು ಕಡೆ ಹಸುಗಳ ಕಿವಿ, ಕೆಚ್ಚಲು, ಬಾಲದ ಬುಡ ಎಲ್ಲಾ ಉಣುಗು. ಮಂಗಗಳೂ ಸಾಯುವ, ಉಣುಗು ಕಚ್ಚಿ ಜನರಿಗೆ ಬರುವ ಆ ಮಂಗನ ಕಾಯಿಲೆ ಜ್ವರ ಕೊಟ್ಟಿಗೆಯ ಉಣುಗಿನಿಂದಲೇ ಬರುತ್ತದಾ? ಹಾಲು ಕುಡಿಯಬಹುದಾ? ಲಸಿಕೆ ಎಲ್ಲಿ ಹಾಕುತ್ತಾರೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿ_ಗದ್ದೆಮನೆ

ಮೊದಲು ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿಸಿ. ಇವತ್ತೇ. ಫಾರೆಸ್ಟ್ ಗಾರ್ಡ್ ಗೊತ್ತಿದ್ದರೆ ಅವರಿಗೂ ಹೇಳಿ. ನೀವೇ ಹೂಳೋದು, ಕೋಲಿನಿಂದ ತಳ್ಳೋದು ಏನೂ ಬೇಡ.

ಮಂಗ ಸತ್ತು ಮೈ ತಣ್ಣಗಾಯಿತು ಅಂದರೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಮುಂದೆ ಆ ಜಾಗ ದಾಟುವವರ ಕಾಲಿಗೆ ಹತ್ತುತ್ತವೆ. ಅದಕ್ಕೇ ಇಲಾಖೆಯವರು ಬಂದು ಸುತ್ತ 50 ಅಡಿ ಮೆಲಾಥಿಯಾನ್ ಅನ್ನುವ ಕೀಟನಾಶಕ ಪುಡಿ ಹೊಡೆಯುತ್ತಾರೆ. ಅಲ್ಲಿಯ ತನಕ ಆ ದಾರಿಯೇ ಬೇಡ, ದನವನ್ನೂ ಆ ಕಡೆ ಹೊಡೆಯಬೇಡಿ.

ನಿಮ್ಮ ಅಪ್ಪನಿಗೆ ದರಕಿನ ವಿಷಯ ಬಿಡಿಸಿ ಹೇಳಿ, ಹಳಬರಿಗೆ ಇದು ಅರ್ಥವಾಗದೆ ಇರೋದಿಲ್ಲ. ಕಾಯಿಲೆ ಜೋರಾಗುವುದು ಡಿಸೆಂಬರ್‌ನಿಂದ ಮೇ ತನಕ. ನಾವು ಬೆಟ್ಟಕ್ಕೆ ದರಕು ಗುಡಿಸಲು, ಸೌದೆಗೆ ಹೋಗುವುದೂ ಆಗಲೇ. ಆ ಹೊತ್ತಿಗೆ ಎಲೆಯಲ್ಲಿರುವುದು ಮರಿ ಉಣುಗು, ಎಳ್ಳುಕಾಳಿನಷ್ಟು. ಕಾಲಿಗೆ ಹತ್ತಿದರೂ ಗೊತ್ತಾಗುವುದಿಲ್ಲ. ಗುಡಿಸಿ, ಕಲ್ಲಿಗೆ (ಹಗ್ಗದ ಬಲೆ ಚೀಲ) ತುಂಬಿ, ತಲೆ ಮೇಲೆ ಹೊತ್ತು ತರುವಾಗ ಕುತ್ತಿಗೆ, ಹೆಗಲು, ಬೆನ್ನಿಗೆಲ್ಲ ಉದುರುತ್ತವೆ. ಅದನ್ನೇ ತಂದು ಕೊಟ್ಟಿಗೆಗೆ ಹಾಸುತ್ತೇವೆ, ಅಂದರೆ ಉಣುಗನ್ನು ನಾವೇ ಮನೆಗೆ ಕರೆದುಕೊಂಡು ಬಂದಂತೆ.

ಹೋಗಲೇಬೇಕು ಅಂದರೆ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ, ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ. ಎಣ್ಣೆಯನ್ನು ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ, ಆದರೆ ಸುಮಾರು ಮನೆಗಳಲ್ಲಿ ಬಾಟಲಿ ಕಪಾಟಿನಲ್ಲೇ ಇರುತ್ತದೆ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಚ್ಚಿ ಸ್ನಾನ. ಕಂಕುಳು, ಸೊಂಟ, ಮೊಣಕಾಲಿನ ಹಿಂದೆ ನೋಡಿಕೊಳ್ಳಿ. ಹತ್ತಿದ್ದು ಸಿಕ್ಕರೆ ಸಣ್ಣ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ ಬಿಡೋದು, ಊದುಬತ್ತಿಯಲ್ಲಿ ಸುಡೋದು ಬೇಡ. ಉಗುರಲ್ಲಿ ಕುಟ್ಟೋದಂತೂ ಬೇಡವೇ ಬೇಡ.

ಕೊಟ್ಟಿಗೆ_ಡಾಕ್ಟ್ರು

ಪಶುವೈದ್ಯ ನಾನು. ಎರಡು ವಿಷಯ ಬೇರೆ ಮಾಡಿಕೊಳ್ಳಿ. ಕೆಚ್ಚಲಲ್ಲಿ ಹುರುಳಿಕಾಳಿನ ಹಾಗೆ ಉಬ್ಬಿ ಕೂತಿರುವುದು ಹೆಚ್ಚಾಗಿ ದನದ ಉಣುಗು. ಮಂಗನ ಕಾಯಿಲೆ ತರುವುದು ಮುಖ್ಯವಾಗಿ ಹೆಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಕಾಡಿನ ಉಣುಗು. ಹಸುವಿಗೆ ಮಂಗನ ಕಾಯಿಲೆ ಬರುವುದಿಲ್ಲ, ಕಾಯಿಸಿದ ಹಾಲಿಗೆ ಹೆದರುವುದೂ ಬೇಡ. ಹಾಗಂತ ದನಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಲೂ ಅಲ್ಲ. ಆ ಕಾಡಿನ ಉಣುಗು ದೊಡ್ಡದಾದ ಮೇಲೆ ಮಳೆಗಾಲದಲ್ಲಿ ಮೇಯಲು ಬಂದ ದನದ ರಕ್ತ ಕುಡಿದು, ಕೆಳಗೆ ಬಿದ್ದು ಮೊಟ್ಟೆ ಇಡುತ್ತದೆ. ದನ ಕಾಡಿಗೆ ಹೋದಷ್ಟೂ ಅದರ ಸಂತಾನ ಜಾಸ್ತಿ.

ನಿಮ್ಮ ಜರ್ಸಿಗಳಿಗೆ ನಿಜವಾದ ಅಪಾಯ ಥೈಲೇರಿಯಾ, ಉಣುಗಿನಿಂದ ದನಕ್ಕೆ ಬರುವ ರಕ್ತದ ಕಾಯಿಲೆ. ನಮ್ಮ ನಾಟಿ ತಳಿ ಮಲೆನಾಡು ಗಿಡ್ಡ ಒಂದಿಷ್ಟು ತಡೆದುಕೊಳ್ಳುತ್ತದೆ, ಮಿಶ್ರತಳಿಗೆ ಆಗುವುದಿಲ್ಲ. ಮೇವು ಬಿಟ್ಟು, ಜ್ವರ 104 ಡಿಗ್ರಿ ದಾಟಿ, ಹೆಗಲಿನ ಮುಂದೆ ಗಂಟು ಊದಿದ್ದರೆ ಕಾಯಬೇಡಿ. ಬುಪಾರ್ವಕ್ವೋನ್ ಇಂಜೆಕ್ಷನ್ ಬೇಗ ಬಿದ್ದರೆ ಹಸು ಉಳಿಯುತ್ತದೆ, ಕಣ್ಣು ಬಿಳಿಚಿಕೊಂಡ ಮೇಲೆ ಕಷ್ಟ. ಮೂತ್ರ ಕಾಫಿ ಬಣ್ಣಕ್ಕೆ ಬಂದರೆ ಬೇಬಿಸಿಯಾ ಅನ್ನುವ ಇನ್ನೊಂದು ಉಣುಗಿನ ಕಾಯಿಲೆ ಇರಬಹುದು, ಅದರ ಔಷಧಿಯೇ ಬೇರೆ.

ಉಣುಗಿಗೆ ಬೆನ್ನ ಮೇಲೆ ಸುರಿಯುವ ಫ್ಲುಮೆಥ್ರಿನ್ ಇದೆ, ಐವರ್‌ಮೆಕ್ಟಿನ್ ಇಂಜೆಕ್ಷನ್ ಇದೆ. ಹಾಲು ಕೊಡುವ ಹಸುವಾದರೆ ಎಷ್ಟು ದಿನ ಹಾಲು ಬಳಸಬಾರದು ಅಂತ ಕೇಳಿಕೊಂಡೇ ಹಾಕಿಸಿ. ಬೆಳೆಗೆ ಹೊಡೆಯುವ ಔಷಧಿಯನ್ನು ಹಸುವಿಗೆ ಬಳಿಯುವವರಿದ್ದಾರೆ. ಹಸು ಜೊಲ್ಲು ಸುರಿಸಿಕೊಂಡು ಬಿದ್ದ ಮೇಲೆ ನಮಗೆ ಫೋನ್ ಬರುತ್ತದೆ. ಇನ್ನು, ಹಸುವಿಗೆ ಮಾತ್ರ ಔಷಧಿ ಹಾಕಿ ಕೊಟ್ಟಿಗೆ ಬಿಟ್ಟರೆ ದಂಡ. ಹೆಣ್ಣು ಉಣುಗು ಗೋಡೆಯ ಬಿರುಕಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಬಿರುಕು ಮುಚ್ಚಿ ಸುಣ್ಣ ಹೊಡೆಸಿ.

ನಾಯಿಗೂ ಮಾಡಿಸಿ. ಕಾಡು ಸುತ್ತಿ ಬಂದು ಜಗಲಿಯಲ್ಲಿ ಮಲಗುವುದು ಅದೇ ಅಲ್ವಾ.

ಕಾಡಂಚಿನವ

ಎಲ್ಲಾ ಸರಿ, ಆದರೆ ಮೂಲ ಮಂಗವೇ ತಾನೇ? ಮಂಗಗಳನ್ನೇ ಓಡಿಸಿದರೆ ಮುಗಿಯಿತಲ್ಲ. ತೋಟವೂ ಉಳಿಯುತ್ತದೆ.

ವಾರ್ಡ್_ಸಿಸ್ಟರ್

ಮಂಗ ನಮ್ಮ ಹಾಗೆ ಕಚ್ಚಿಸಿಕೊಂಡು ಸಾಯುವ ಪ್ರಾಣಿ ಸ್ವಾಮಿ. ಮಂಗ ಸತ್ತಿದ್ದು ಕಂಡಿದ್ದಕ್ಕೇ ಜನಕ್ಕೆ ಎಚ್ಚರಿಕೆ ಸಿಗುತ್ತಿದೆ. ವೈರಸ್ ಇಲಿ, ಹೆಗ್ಗಣದಂಥ ಸಣ್ಣ ಪ್ರಾಣಿಗಳಲ್ಲೂ ಸುತ್ತುತ್ತಿರುತ್ತದೆ, ಅವನ್ನೆಲ್ಲ ಎಲ್ಲಿಗೆ ಓಡಿಸುತ್ತೀರಿ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು. ಈಗ ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಇದೆ.

ಪ್ರಶ್ನೆ ಕೇಳಿದವರಿಗೆ: ಲಸಿಕೆ ಈಗ ಇಲ್ಲ. ಹಳೆಯದನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು, ಆದರೂ ರಕ್ಷಣೆ ಅಷ್ಟಕ್ಕಷ್ಟೇ. 2022ರಲ್ಲಿ ನಿಲ್ಲಿಸಿದರು. ಈ ಕಾಯಿಲೆಗೇ ಅಂತ ಔಷಧಿಯೂ ಇಲ್ಲ. ಹಾಗಾಗಿ ಜ್ವರ ಬಂದ ದಿನವೇ ಆಸ್ಪತ್ರೆಗೆ ಹೋಗುವುದು ಮುಖ್ಯ. ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಜ್ವರ ಶುರುವಾಗುತ್ತದೆ. ಒಮ್ಮೆಲೇ ಜೋರು ಜ್ವರ, ತಲೆನೋವು, ಸೊಂಟ ಮತ್ತು ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ವಾಂತಿ. ಒಸಡು, ಮೂಗಲ್ಲಿ ರಕ್ತ ಬಂದರೆ ಒಂದು ನಿಮಿಷವೂ ತಡ ಬೇಡ. ನೋವಿಗೆ ಅಂಗಡಿಯಿಂದ ಬ್ರೂಫೆನ್, ಡೈಕ್ಲೋ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚಾಗಬಹುದು.

ಜನ ಎಡವುವುದು ಎರಡನೇ ಸುತ್ತಿನಲ್ಲಿ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಬರುತ್ತದೆ. ಆಗ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ತೊದಲು ಮಾತು. ಮೊದಲ ಜ್ವರ ಹೋಯಿತು ಅಂತ ತೋಟಕ್ಕಿಳಿದವರು ಆಗ ನೇರ ಐಸಿಯುಗೆ ಬರುತ್ತಾರೆ. ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಮನೆಯಲ್ಲಿ ನೋಡಿಕೊಳ್ಳುವವರು ಹೆದರಬೇಡಿ.

ಬೆಟ್ಟದಂಚು_ಸಾಗರ

ಎಲ್ಲರಿಗೂ ಥ್ಯಾಂಕ್ಸ್. ಆಶಾ ಅಕ್ಕನಿಗೆ ಹೇಳಿದ್ದೇವೆ, ನಾಳೆ ಬರುತ್ತಾರಂತೆ. 2018-19ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಇದೇ ಕಾಯಿಲೆಯಿಂದ ಜನ ಸತ್ತಿದ್ದನ್ನು ನೆನಪಿಸಿದ ಮೇಲೆ ಅಪ್ಪ ಸ್ವಲ್ಪ ಮೆತ್ತಗಾದರು. ಆದರೆ ಮುಸಿಯ ಸಾಯುವ ಮೊದಲೇ ತಂದು ಕೊಟ್ಟಿಗೆಯ ಪಕ್ಕ ಒಟ್ಟಿದ ದರಕು ಒಂದು ರಾಶಿ ಇದೆ. ಅದನ್ನು ಏನು ಮಾಡುವುದು?

ತೀರ್ಥಹಳ್ಳಿ_ಗದ್ದೆಮನೆ

ಅದೇ ಬೆಟ್ಟದ್ದಾದರೆ ಮುಟ್ಟಬೇಡಿ. ನಾಳೆ ಬರುವವರಿಗೆ ತೋರಿಸಿ, ರಾಶಿಗೂ ಪುಡಿ ಹೊಡೆಯಲು ಹೇಳಿ. ಈ ವರ್ಷ ಹಾಸಲು ಒಣಹುಲ್ಲೋ ಭತ್ತದ ಹೊಟ್ಟೋ ನೋಡಿಕೊಳ್ಳಿ, ನಾಲ್ಕು ಕಾಸು ಖರ್ಚಾದರೂ ಪರವಾಗಿಲ್ಲ.