ಮೆಮೊರಿ ಸುರಕ್ಷತೆಯ ಭಾಷೆ: ಒಡೆತನದ ನಿಯಮವೊಂದೇ ಸಾಕೇ?

ಪ್ರಶ್ನೆ: ಡ್ರೈವರ್ (ಸಾಧನಗಳನ್ನು ನಡೆಸುವ ತಂತ್ರಾಂಶ) ಮತ್ತು ಚಿಕ್ಕ ಕರ್ನಲ್‌ಗಳಿಗಾಗಿ ಒಂದು ಭಾಷೆ ಕಟ್ಟುತ್ತಿದ್ದೇನೆ. ಬಳಕೆ ಮುಗಿದ ಮೆಮೊರಿಯನ್ನು ತಾನಾಗಿ ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಟರ್ ಇರುವುದಿಲ್ಲ. ಆದರೂ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ತಪ್ಪು ಕಂಪೈಲ್ ಹಂತದಲ್ಲೇ ಸಿಕ್ಕಿಬೀಳಬೇಕು. ರಸ್ಟ್ ಭಾಷೆಯಂತೆ ಒಡೆತನ (ಪ್ರತಿ ಮೌಲ್ಯಕ್ಕೆ ಒಬ್ಬನೇ ಒಡೆಯ) ಮತ್ತು ಎರವಲಿನ (ಒಡೆಯ ಇರುವವರೆಗೆ ಮಾತ್ರ ಬೇರೆಯವರು ಬಳಸಬಹುದು) ನಿಯಮ ತಂದರೆ ಸಾಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ: ಸಾಲದು. ನಾನು ಎಡವಿದ ಜಾಗವನ್ನೇ ಹೇಳುತ್ತೇನೆ. ನನ್ನ ಭಾಷೆಯಲ್ಲಿ ನೆಟ್‌ವರ್ಕ್ ಡ್ರೈವರ್ ಬರೆದಿದ್ದೆ. ಬಫರ್‌ನ (ದತ್ತಾಂಶ ತುಂಬಿಸಿಡುವ ಮೆಮೊರಿ ಜಾಗ) ವಿಳಾಸ ಕೊಟ್ಟರೆ ಸಾಧನವು ಡಿಎಂಎ ಮೂಲಕ, ಪ್ರೊಸೆಸರ್‌ನ ಹಂಗಿಲ್ಲದೆ, ನೇರವಾಗಿ ಅಲ್ಲಿ ಬರೆಯುತ್ತದೆ. ಈ ಕೈ ಕಂಪೈಲರ್‌ಗೆ ಕಾಣುವುದೇ ಇಲ್ಲ. ಅದಕ್ಕೆ ಒಂದು ಕಾವಲು ಮೌಲ್ಯ ಇಟ್ಟೆ: ಬಫರನ್ನು ಅದು ಎರವಲು ಪಡೆದಿರುತ್ತದೆ, ಅದು ಅಳಿಯುವಾಗ ತಾನಾಗಿ ಓಡುವ ಕೋಡ್, ಅಂದರೆ ಡೆಸ್ಟ್ರಕ್ಟರ್, ಸಾಧನವನ್ನು ನಿಲ್ಲಿಸುತ್ತದೆ. ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು. ಆಮೇಲೊಮ್ಮೆ ಬಳಕೆಯ ಲೆಕ್ಕವಿಡುವ (ಲೆಕ್ಕ ಸೊನ್ನೆಯಾದಾಗಲೇ ಮೌಲ್ಯ ಅಳಿಯುತ್ತದೆ) ಎರಡು ಪಾಯಿಂಟರ್‌ಗಳು ಒಂದನ್ನೊಂದು ಹಿಡಿದುಕೊಂಡವು, ಕಾವಲು ಆ ಸುಳಿಯೊಳಗೆ ಸಿಕ್ಕಿತು, ಡೆಸ್ಟ್ರಕ್ಟರ್ ಓಡಲೇ ಇಲ್ಲ. ಬಫರ್ ಇದ್ದ ಸ್ಟ್ಯಾಕ್ (ಫಂಕ್ಷನ್ ಮುಗಿದೊಡನೆ ಬಿಡುವಾಗುವ ಮೆಮೊರಿ) ಜಾಗಕ್ಕೆ ಬೇರೆ ಫಂಕ್ಷನ್ ಬಂದು ಕುಳಿತಿತ್ತು. ಸಾಧನ ಅಲ್ಲಿಗೇ ಪ್ಯಾಕೆಟ್ ಸುರಿಯುತ್ತಿತ್ತು.

ರಸ್ಟ್ ಕೂಡ ಇದೇ ದಾರಿಯಲ್ಲಿ ನಡೆದು ಬಂದಿದೆ. 2015ರ ಮೇ ತಿಂಗಳಲ್ಲಿ 1.0 ಆವೃತ್ತಿ ಬರುವುದಕ್ಕೆ ಕೆಲವೇ ವಾರಗಳ ಮುಂಚೆ, ಡೆಸ್ಟ್ರಕ್ಟರ್ ಓಡಿಯೇ ಓಡುತ್ತದೆಂದು ನಂಬಿದ್ದ ಸ್ಕೋಪ್ಡ್ ಥ್ರೆಡ್ (ಹುಟ್ಟಿಸಿದ ಫಂಕ್ಷನ್‌ನ ಮೆಮೊರಿಯನ್ನು ಎರವಲು ಪಡೆದು ಜೊತೆಜೊತೆಗೆ ಓಡುವ ಕೆಲಸ) ಸೌಲಭ್ಯವನ್ನು ಹಿಂತೆಗೆದುಕೊಂಡರು. ಅದು 2022ರಲ್ಲಿ, 1.63ರಲ್ಲಿ, ಬೇರೆ ರೂಪದಲ್ಲಿ ಮರಳಿತು: ನಮ್ಮ ಕೆಲಸವನ್ನು ಕ್ಲೋಷರ್ (ಸುತ್ತಲಿನ ಮೌಲ್ಯಗಳನ್ನು ಹಿಡಿದಿರುವ ಫಂಕ್ಷನ್) ಆಗಿ ಪಡೆದು, ಥ್ರೆಡ್‌ಗಳೆಲ್ಲ ಮುಗಿದ ಮೇಲೆಯೇ ಫಂಕ್ಷನ್ ಹಿಂತಿರುಗುತ್ತದೆ. ಸುರಕ್ಷತೆಯ ಭಾರ ಡೆಸ್ಟ್ರಕ್ಟರ್ ಮೇಲಿಲ್ಲ.

ಆದ್ದರಿಂದ ಮೌಲ್ಯವೊಂದನ್ನು ಸದ್ದಿಲ್ಲದೆ ಕೈಬಿಡಬಹುದೇ ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿ. ರಸ್ಟ್‌ನಲ್ಲಿ ಬಿಡಬಹುದು. ನಾನೀಗ ಲೀನಿಯರ್ ವಿಧಗಳನ್ನು ತಂದಿದ್ದೇನೆ: ಸರಿಯಾಗಿ ಒಮ್ಮೆ ಬಳಸಲೇಬೇಕು, ಲೆಕ್ಕದ ಪಾಯಿಂಟರ್‌ನೊಳಗೆ ಇಡುವಂತಿಲ್ಲ. ಬೆಲೆಯೂ ಇದೆ. ದೋಷ ಬಂದ ಪ್ರತಿ ಕವಲಿನಲ್ಲೂ ಬಫರನ್ನು ಕೈಯಾರೆ ಮರಳಿಸಬೇಕು; ಪ್ಯಾನಿಕ್ ಆದಾಗ (ಪ್ರೋಗ್ರಾಂ ದೋಷದಿಂದ ಕುಸಿದಾಗ) ಸ್ಟ್ಯಾಕ್ ಬಿಚ್ಚುವ, ಅಂದರೆ ಫಂಕ್ಷನ್‌ಗಳಿಂದ ಒಂದೊಂದಾಗಿ ಹೊರಬರುತ್ತ ಮೌಲ್ಯಗಳನ್ನು ಅಳಿಸುವ, ವ್ಯವಸ್ಥೆಯನ್ನು ನಾನು ತೆಗೆದೇಬಿಟ್ಟೆ.

ಇನ್ನೊಬ್ಬರ ಉತ್ತರ: ಅನ್‌ಸೇಫ್ ಬ್ಲಾಕ್ (ಕಂಪೈಲರ್‌ ಪೂರ್ತಿ ಪರೀಕ್ಷಿಸಲಾಗದ, ಬರೆದವರೇ ಹೊಣೆ ಹೊರುವ ಕೋಡ್) ಚಿಕ್ಕದಿದ್ದರೆ ಸಾಕೆಂದು ನಾನೂ ನಂಬಿದ್ದೆ. ಆದರೆ ಅರೇಯ ಉದ್ದವನ್ನು ಬದಲಿಸುವ ಒಂದು ಸಾದಾ ಸಾಲು, ಅದರ ಹೊರಗಿದ್ದೇ, ಒಳಗಿನ ಪಾಯಿಂಟರ್ ಲೆಕ್ಕವನ್ನು ಕೆಡಿಸಬಲ್ಲದು. ಗಡಿ ಎಳೆಯಬೇಕಾದದ್ದು ಮಾಡ್ಯೂಲ್‌ಗೆ. ಮಾಡ್ಯೂಲ್‌ನ ಹೊರಗಿನ ಕೋಡ್ ಮುಟ್ಟಲಾಗದ ಖಾಸಗಿ ಫೀಲ್ಡ್‌ಗಳನ್ನು ಭಾಷೆಯಲ್ಲಿ ಬೇಗನೆ ತನ್ನಿ.

ಕೇಳಿದವರು: ನನ್ನ ಡ್ರೈವರ್‌ನಲ್ಲೂ ಸಾಧನ ನಿಲ್ಲಿಸುವ ಕೆಲಸ ಡೆಸ್ಟ್ರಕ್ಟರ್‌ನಲ್ಲೇ ಇದೆ. ಇವತ್ತೇ ಅದನ್ನು ಬಿಚ್ಚಿ ನೋಡುತ್ತೇನೆ.